ಕ್ಯಾಂಪಿಂಗ್‌ಗೆ ಸೌದೆ: ಎಲ್ಲಿ ಸುಡುತ್ತೀರೋ ಅಲ್ಲೇ ಕೊಳ್ಳಿ

ನಾಲ್ಕು ವರ್ಷದ ಹಿಂದಿನ ಮಾತು. ಸಕಲೇಶಪುರದ ಹತ್ತಿರ ಗೆಳೆಯನ ಕಾಫಿ ತೋಟದಲ್ಲಿ ಒಂದು ರಾತ್ರಿ ಉಳಿದು, ಮರುದಿನ ಮೂಡಿಗೆರೆ ಕಡೆ ಇನ್ನೊಂದು ತೋಟದಲ್ಲಿ ಟೆಂಟ್ ಹಾಕುವ ಪ್ಲಾನ್ ನಮ್ಮದು. ಹೊರಡುವಾಗ ಗೆಳೆಯ, "ಸೌದೆಗೆ ಯಾಕೆ ದುಡ್ಡು ಕೊಡ್ತೀಯ, ಇಲ್ಲಿಂದಲೇ ತಗೊಂಡು ಹೋಗು" ಅಂತ ಕಿತ್ತು ಹಾಕಿದ್ದ ಕಾಫಿ ಗಿಡದ ಕಾಂಡಗಳನ್ನು ಎರಡು ಗೋಣಿಚೀಲ ತುಂಬಿ ಡಿಕ್ಕಿಗೆ ಹಾಕಿಸಿದ. ನಮಗೂ ಖುಷಿ. ಕಾಫಿ ಕಟ್ಟಿಗೆ ಗಟ್ಟಿ, ಕೆಂಡ ಚೆನ್ನಾಗಿ ನಿಲ್ಲುತ್ತದೆ.

ಆ ಖುಷಿ ಎರಡನೇ ತೋಟದ ಗೇಟಿನ ತನಕ ಮಾತ್ರ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಡಿಕ್ಕಿ ನೋಡಿ ಒಂದೇ ಮಾತು ಕೇಳಿದರು: "ಇದು ಎಲ್ಲಿಂದ ಬಂತು ಸಾರ್?" ಹೇಳಿದೆವು. ಅವರು ಒಂದು ತುಂಡು ಎತ್ತಿಕೊಂಡು, ಕಾಂಡದ ಮೇಲೆ ಉಬ್ಬಿದ್ದ ಗೆರೆಯನ್ನು ಹೆಬ್ಬೆರಳಲ್ಲಿ ಸವರಿ, ಅಲ್ಲಿಗೇ ಮಚ್ಚಿನ ಮೊನೆ ಹಾಕಿ ತೊಗಟೆ ಎಬ್ಬಿಸಿದರು. ಒಳಗೆ ಅಂಕುಡೊಂಕು ಸುರಂಗ. ಅದರ ತುಂಬ ಯಾರೋ ಒತ್ತಿ ಒತ್ತಿ ತುಂಬಿದ ಹಾಗೆ ಮರದ ಹಿಟ್ಟು. ಇನ್ನೊಂದು ಏಟಿಗೆ ಕೆನೆ ಬಣ್ಣದ ಹುಳ ಒಂದು ಹೊರಬಿತ್ತು, ಜೀವಂತ. "ಬೋರರ್ ಸಾರ್. ಇದು ಗೇಟು ದಾಟಂಗಿಲ್ಲ."

ಬಿಟ್ಟಿ ಸೌದೆ ಗೇಟಿನ ಹೊರಗೇ ಬೂದಿಯಾಯಿತು. ನಾವೇ ನಿಂತು ಸುಟ್ಟೆವು, ಮಟಮಟ ಮಧ್ಯಾಹ್ನ, ಯಾವ ಮಜವೂ ಇಲ್ಲದೆ. ಅವತ್ತಿಂದ ಸೌದೆ ಕೊಳ್ಳುವಾಗೆಲ್ಲ ನಾನು ಮೊದಲು ಕೇಳುವುದು ಆ ರೈಟರ ಪ್ರಶ್ನೆಯನ್ನೇ.

ಒಂದು ಹುಳಕ್ಕೆ ಇಷ್ಟೆಲ್ಲ ಯಾಕೆ?

ರೈಟರು ಬೋರರ್ ಅಂದದ್ದು ಬಿಳಿ ಕಾಂಡಕೊರಕಕ್ಕೆ, ಅದು ಅರೇಬಿಕಾ ಕಾಫಿಯ ದೊಡ್ಡ ಶತ್ರು. ಇನ್ನೊಂದು ಜಾತಿಯ ಕಾಫಿ ರೊಬಸ್ಟಾಕ್ಕೆ ಇದರ ಕಾಟ ಅಷ್ಟಾಗಿ ಇಲ್ಲ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ತಿಂಗಳುಗಟ್ಟಲೆ ಕಾಂಡ ಕೊರೆಯುತ್ತದೆ. ಬೋರರ್ ಹಿಡಿದ ಗಿಡವನ್ನು ಹುಡುಕಿ, ಬುಡಸಮೇತ ಕಿತ್ತು ಸುಡುವುದು ಬಿಟ್ಟರೆ ತೋಟದವರಿಗೆ ಬೇರೆ ದಾರಿ ಕಡಿಮೆ. ಗಿಡ ಕಿತ್ತ ಕೂಡಲೇ ಒಳಗಿನ ಹುಳ ಸಾಯುವುದೂ ಇಲ್ಲ. ಸೌದೆ ರಾಶಿಯಲ್ಲೇ ಬೆಳೆದು, ದುಂಬಿಯಾಗಿ ಹೊರಗೆ ಹಾರುತ್ತದೆ. ಅದಕ್ಕೇ ಇಂಥ ಕಾಂಡವನ್ನು ಸೌದೆಗೆಂದು ಇಟ್ಟುಕೊಳ್ಳುವವರು ಮೊದಲು ಒಂದು ವಾರಕ್ಕೂ ಜಾಸ್ತಿ ನೀರಲ್ಲಿ ಮುಳುಗಿಸಿಡಬೇಕು ಅನ್ನುತ್ತಾರೆ. ನನ್ನ ಗೆಳೆಯ ಆ ಗೋಜಿಗೇ ಹೋಗಿರಲಿಲ್ಲ.

ದುಂಬಿ ಹಾರುವ ಕಾಲ ವರ್ಷಕ್ಕೆ ಎರಡು: ಏಪ್ರಿಲ್–ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ನಾವು ಬೆಂಗಳೂರಿನವರು ಟೆಂಟ್ ಕಟ್ಟಿಕೊಂಡು ಮಲೆನಾಡಿಗೆ ಹೊರಡುವ ಕಾಲ ಯಾವುದು? ದಸರಾ ರಜೆ, ದೀಪಾವಳಿ, ರಾಜ್ಯೋತ್ಸವದ ವೀಕೆಂಡು, ಕ್ರಿಸ್‌ಮಸ್. ಸರಿಯಾಗಿ ಹೊಂದಿಕೆಯಾಯ್ತು ಅಲ್ವಾ.

ಅಮೆರಿಕದಲ್ಲಿರುವ ಕನ್ನಡದವರಿಗೆ ಈ ಕತೆ ಬೇರೆ ಹುಳದ ಹೆಸರಲ್ಲಿ ಗೊತ್ತಿರುತ್ತದೆ. ಆ್ಯಶ್ ಮರ ಕೊರೆಯುವ ಹಸಿರು ದುಂಬಿ, ಎಮರಾಲ್ಡ್ ಆ್ಯಶ್ ಬೋರರ್, ಅಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ, ಡೆಟ್ರಾಯಿಟ್ ಸುತ್ತಮುತ್ತ. ಅಲ್ಲಿಂದ ರಾಜ್ಯದಿಂದ ರಾಜ್ಯಕ್ಕೆ ಅದು ಬೇಗ ಹಬ್ಬಿದ್ದು ಸ್ವಂತ ರೆಕ್ಕೆಯಿಂದ ಅಷ್ಟಲ್ಲ, ಜನ ಕಾರಿನಲ್ಲಿ, ಲಾರಿಯಲ್ಲಿ ಸಾಗಿಸಿದ ಸೌದೆಯಿಂದ. ಕೋಟಿಗಟ್ಟಲೆ ಮರ ಸತ್ತವು. ನ್ಯೂಯಾರ್ಕ್ ರಾಜ್ಯದಲ್ಲಿ ಈಗ ಶಾಖ ಕೊಟ್ಟು ಶುದ್ಧ ಮಾಡದ ಸೌದೆಯನ್ನು ಅದು ಸಿಕ್ಕ ಜಾಗದಿಂದ 50 ಮೈಲಿ, ಅಂದರೆ ಸುಮಾರು 80 ಕಿ.ಮೀ. ಆಚೆಗೆ ಒಯ್ಯುವಂತಿಲ್ಲ. ಅಲ್ಲಿ ದೂರದಿಂದ ಕ್ಯಾಂಪ್ ಹೋಗುವವರಿಗೆ ದಾರಿ ಎರಡೇ: ಕ್ಯಾಂಪ್‌ಗ್ರೌಂಡ್ ಹತ್ತಿರವೇ ಕೊಳ್ಳುವುದು, ಇಲ್ಲವೇ ಹೀಟ್ ಟ್ರೀಟೆಡ್ ಅಂತ ಸೀಲು ಇರುವ ಕಟ್ಟು ಒಯ್ಯುವುದು. ನಮ್ಮಲ್ಲಿ ಕ್ಯಾಂಪಿಂಗ್ ಸೌದೆಗೆ ಅಂತ ಇಂಥ ಬೋರ್ಡು, ಸೀಲು ಕಾಣುವುದಿಲ್ಲ. ಹಾಗಾಗಿ ಕೆಲಸ ನಮ್ಮ ತಲೆಗೇ ಬರುತ್ತದೆ.

ಮೊದಲು ಫೋನ್ ಮಾಡಿ

ಸೌದೆ ಹುಡುಕುವ ಮುಂಚೆ, ಹೋಗುವ ಜಾಗದಲ್ಲಿ ಬೆಂಕಿ ಹಾಕಬಹುದಾ ಅಂತ ಕೇಳಿ. ಮೀಸಲು ಅರಣ್ಯವಾದರೆ ಮಾತೇ ಇಲ್ಲ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಲ್ಲಿ ಬೆಂಕಿ ಹಚ್ಚುವುದೂ ತಪ್ಪು, ಅನುಮತಿ ಇಲ್ಲದೆ ಕಟ್ಟಿಗೆ ಆಯುವುದೂ ತಪ್ಪು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರಿಕೊಳ್ಳುತ್ತದೆ. "ಒಣಗಿ ಬಿದ್ದಿದ್ದು ತಾನೇ, ಸುಮ್ನೆ ಕೊಳೆತು ಹೋಗುತ್ತೆ" ಅನ್ನುವ ವಾದ ನಾನೂ ಮಾಡಿದ್ದೇನೆ. ಕೊಳೆಯಲಿ. ಕೊಳೆಯುವ ಮರದ ಮೇಲೇ ಅಣಬೆ, ಗೆದ್ದಲು, ಹುಳ, ಅವನ್ನು ತಿನ್ನುವ ಮರಕುಟಿಗ ಎಲ್ಲ ನಿಂತಿರುವುದು.

ಫೆಬ್ರವರಿಯಿಂದ ಮೊದಲ ಮಳೆ ಬೀಳುವ ತನಕ, ಕಾಡಂಚಿನ ಖಾಸಗಿ ಜಾಗದಲ್ಲೂ ಬೆಂಕಿ ಬೇಡ ಅನ್ನುವುದು ನನ್ನ ಮಾತು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಹೇಗೆ ಉರಿಯಿತು ಅಂತ ನೆನಪಿರಬಹುದು. ಅದರ ಹಿಂದಿನ ವರ್ಷ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದ ಕಾಡ್ಗಿಚ್ಚಿನಲ್ಲಿ ಚಾರಣಿಗರೇ ಜೀವ ಕಳೆದುಕೊಂಡರು. ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಆ ಕಾಲದಲ್ಲಿ ಗ್ಯಾಸ್ ಸ್ಟವ್ ಒಯ್ಯಿರಿ, ನಕ್ಷತ್ರ ನೋಡಿ.

ಫೋನಿನಲ್ಲೇ ಇನ್ನೆರಡು ಮಾತು ಕೇಳಿಬಿಡಿ. ಬೆಂಕಿಗೆ ಗುಂಡಿಯೋ ಕಲ್ಲಿನ ಕಟ್ಟೆಯೋ ಇದೆಯಾ? ಸೌದೆ ನೀವೇ ಕೊಡ್ತೀರಾ, ಕೊಟ್ಟರೆ ಯಾವ ಮರದ್ದು? ಎಷ್ಟೋ ಹೋಮ್‌ಸ್ಟೇಗಳಲ್ಲಿ ಕ್ಯಾಂಪ್‌ಫೈರ್‌ಗೆ ಬೇರೆ ದುಡ್ಡು ಇರುತ್ತದೆ. ಊರಿಂದ ತಂದರೆ ಉಳಿಯುತ್ತೆ ಅನ್ನಿಸಿದರೂ ಅಲ್ಲೇ ಕೊಳ್ಳಿ. ಆ ತೋಟದ ಮರ ಆ ತೋಟದಲ್ಲೇ ಉರಿದರೆ ಹುಳಕ್ಕೆ ಪ್ರಯಾಣದ ಭಾಗ್ಯ ಸಿಗುವುದಿಲ್ಲ.

ಯಾರ ಹತ್ತಿರ ಕೊಳ್ಳುವುದು

ಮೊದಲ ಆಯ್ಕೆ ಹೋಗುವ ತೋಟದ ಮಾಲೀಕರು. ಕಾಫಿ ತೋಟದಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನೆರಳು ಮರಗಳ ಕೊಂಬೆ ಕಡಿಯುತ್ತಾರೆ, ಮರಗಸಿ ಅಂತ. ಆ ಕೊಂಬೆಗಳು ಶೆಡ್ಡಿನಲ್ಲಿ ಮಳೆಗಾಲ ಕಳೆದಿದ್ದರೆ ಅಕ್ಟೋಬರ್ ಹೊತ್ತಿಗೆ ಚೆನ್ನಾಗಿ ಉರಿಯುತ್ತವೆ. ಇದಕ್ಕಾಗಿ ಯಾರೂ ಹೊಸದಾಗಿ ಮರ ಕಡಿಯಬೇಕಿಲ್ಲ.

ಎರಡನೆಯದು ಹತ್ತಿರದ ಪೇಟೆಯ ಸೌದೆ ಡಿಪೋ. ಸಿಲಿಂಡರ್ ಬಂದ ಮೇಲೆ ಬೆಂಗಳೂರಿನಲ್ಲಿ ಎಷ್ಟೋ ಡಿಪೋ ಮುಚ್ಚಿದವು. ಆದರೆ ಸಣ್ಣ ಊರುಗಳಲ್ಲಿ ಮದುವೆ ಮನೆ, ಬೇಕರಿ, ಹೋಟೆಲ್ ಕೃಪೆಯಿಂದ ಇನ್ನೂ ನಡೆಯುತ್ತಿವೆ. ಎಲ್ಲಿದೆ ಅಂತ ಗೊತ್ತಾಗದಿದ್ದರೆ ಕಲ್ಯಾಣ ಮಂಟಪದಲ್ಲಿ ಅಡುಗೆ ಮಾಡುವ ಭಟ್ಟರನ್ನು ಕೇಳಿ, ಇಲ್ಲವೇ ಸೌದೆ ಒಲೆಯ ಬೇಕರಿಯಲ್ಲಿ ಕೇಳಿ. ಡಿಪೋದಲ್ಲಿ ಬಿಲ್ ಕೇಳಿ ತಗೊಳ್ಳಿ, ಅದರಲ್ಲಿ ಮರದ ಹೆಸರು, ತೂಕ ಬರೆಸಿ. ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿದರೆ ಆ ಚೀಟಿಯೇ ನಿಮ್ಮ ಪರವಾಗಿ ಮಾತಾಡುವುದು.

ಮೂರನೆಯದು ಸಾಮಿಲ್. ಹಲಗೆ ಸೀಳಿದ ಮೇಲೆ ಉಳಿಯುವ ಅಂಚು, ತುಂಡು, ಚಕ್ಕೆ ಅಗ್ಗಕ್ಕೆ ಸಿಗುತ್ತವೆ. ಬೆಂಕಿ ಹೊತ್ತಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಬಣ್ಣ, ಪ್ಲೈವುಡ್ ತುಂಡು ಸೇರಿಲ್ಲ ಅಂತ ಮಾತ್ರ ನೋಡಿಕೊಳ್ಳಿ.

ಇನ್ನು ಕಾಡಂಚಿನ ರಸ್ತೆಯಲ್ಲಿ ತಲೆಹೊರೆ ಹೊತ್ತು ಬರುವ ಹೆಂಗಸರು. ಇದು ಸ್ವಲ್ಪ ಕಷ್ಟದ ವಿಷಯ. ಅವರು ಮನೆಯ ಒಲೆಗೆ ಒಯ್ಯುತ್ತಿರುತ್ತಾರೆ. ಅದರಲ್ಲಿ ತಪ್ಪು ಹುಡುಕಲು ನಾನು ಯಾರು? ಆದರೆ ಕಾರು ನಿಲ್ಲಿಸಿ ಐನೂರರ ನೋಟು ಚಾಚಿ ಹೊರೆ ಇಳಿಸಿಕೊಂಡರೆ, ನಾಳೆ ಅವರು ಒಲೆಗಲ್ಲ, ನಮಗೋಸ್ಕರ ಕಾಡಿಗೆ ಹೋಗುತ್ತಾರೆ. ಒಣ ಪುರಲೆ ಮುಗಿದ ಮೇಲೆ ಹಸಿ ಕೊಂಬೆಗೆ ಕೈ ಹೋಗುತ್ತದೆ. ಸಿಕ್ಕಿಬಿದ್ದರೆ ಕೇಸು ಅವರ ಮೇಲೆ, ನಮ್ಮ ಮೇಲಲ್ಲ. ನಾನು ಕೊಳ್ಳುವುದಿಲ್ಲ.

ಯಾವ ಮರ

ಕಣ್ಣು ಮುಚ್ಚಿ ಕೊಳ್ಳಬಹುದಾದ್ದು ನೆಟ್ಟು ಬೆಳೆಸಿದ ಮರಗಳು. ಸರ್ವೆ, ನೀಲಗಿರಿ, ಸಿಲ್ವರ್ ಓಕ್, ತೆಂಗು, ರಬ್ಬರ್, ಸುಬಾಬುಲ್. ಜೊತೆಗೆ ತಾನಾಗಿಯೇ ಹಬ್ಬುವ ಬಳ್ಳಾರಿ ಜಾಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಮರ ಕಡಿಯಲು ಅನುಮತಿ ಬೇಕು ಅನ್ನುತ್ತದಾದರೂ ಇಂಥ ಕೆಲವು ಜಾತಿಗಳಿಗೆ ವಿನಾಯಿತಿ ಕೊಟ್ಟಿದೆ. ಬೇಗ ಬೆಳೆಯುತ್ತವೆ, ಹೆಚ್ಚಿನವನ್ನು ರೈತರೇ ಬೆಳೆದು ಮಾರುತ್ತಾರೆ.

ಇವುಗಳಲ್ಲಿ ನನ್ನ ಮೊದಲ ಮತ ಸರ್ವೆಗೆ. ಕೆಲವು ಕಡೆ ಗಾಳಿ ಮರ ಅನ್ನುತ್ತಾರೆ. ತೂಕದ ಕಟ್ಟಿಗೆ, ಶಾಖ ಜಾಸ್ತಿ, ಹೊಗೆ ಕಡಿಮೆ. ಎರಡನೆಯ ಮತ ಜಾಲಿಗೆ. ಬಯಲುಸೀಮೆಯಲ್ಲಿ, ಚಿತ್ರದುರ್ಗ, ಬಳ್ಳಾರಿ ಕಡೆ ಕ್ಯಾಂಪ್ ಮಾಡುವವರು ಬೇರೆ ಯೋಚನೆಯೇ ಮಾಡಬೇಡಿ. ಬಳ್ಳಾರಿ ಜಾಲಿ ಹೊರಗಿನಿಂದ ಬಂದು ಕೆರೆ, ಗೋಮಾಳ ಎಲ್ಲ ಆಕ್ರಮಿಸಿಕೊಂಡ ಗಿಡ. ಕಡಿದರೆ ಅಳುವವರಿಲ್ಲ. ಕೆಂಡ ರಾತ್ರಿಯಿಡೀ ಉಳಿಯುತ್ತದೆ. ಮುಳ್ಳು ಮಾತ್ರ ಹುಷಾರು, ಚಪ್ಪಲಿ ದಾಟಿ ಕಾಲಿಗೆ ಬರುತ್ತದೆ.

ಸಿಲ್ವರ್ ಓಕ್ ಹಗುರ. ಬೇಗ ಹೊತ್ತುತ್ತದೆ, ಅಷ್ಟೇ ಬೇಗ ಮುಗಿಯುತ್ತದೆ. ಮೊದಲರ್ಧ ಗಂಟೆಗೆ ಸರಿ. ನೀಲಗಿರಿಯಲ್ಲಿ ಎಣ್ಣೆ ಇರುವುದರಿಂದ ಉರಿ ಜೋರು, ಆದರೆ ಚಟಪಟ ಕಿಡಿ ಹಾರುತ್ತದೆ. ನೈಲಾನ್ ಟೆಂಟ್ ಹತ್ತಿರವಿದ್ದರೆ ಬೇಡ. ಹುಣಸೆ ಸಿಕ್ಕರೆ ಬಿಡಬೇಡಿ. ಕರಟ ಒಂದು ಚೀಲ ಸಿಕ್ಕರಂತೂ ಅರ್ಧ ಸೌದೆ ಉಳಿಯಿತು. ಬಿದಿರನ್ನು ಗೆಣ್ಣು ಸೀಳದೆ ಹಾಕಬೇಡಿ. ಒಳಗಿನ ಗಾಳಿ ಕಾದು ಪಟಾಕಿ ಥರ ಸಿಡಿಯುತ್ತದೆ. ಒಮ್ಮೆ ನಮ್ಮ ಗುಂಪಿನ ಮಕ್ಕಳು ಬೇಕೆಂತಲೇ ಹಾಕಿದ್ದರು, ಅದು ಬೇರೆ ವಿಷಯ.

ಕಾಫಿ ಕಟ್ಟಿಗೆಯನ್ನು ಬೇಡ ಅನ್ನುತ್ತಿಲ್ಲ. ಆ ತೋಟದ್ದನ್ನು ಆ ತೋಟದಲ್ಲೇ ಸುಡಿ, ಅಷ್ಟೇ.

ತೇಗ, ಬೀಟೆ, ಹೊನ್ನೆ, ಶ್ರೀಗಂಧ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಹೊರಡಿ. ಹಳ್ಳಿಗಳಲ್ಲಿ ಅರಳಿ, ಅತ್ತಿ, ಬನ್ನಿಯನ್ನು ಎಷ್ಟೋ ಜನ ಒಲೆಗೆ ಹಾಕುವುದಿಲ್ಲ. ನೀವು ಅವರ ಜಾಗದಲ್ಲಿದ್ದೀರಿ, ನೀವೂ ಹಾಕಬೇಡಿ. ಕಣಗಿಲೆ ಪೂರ್ತಿ ವಿಷ. ಅದರ ಹೊಗೆಯೂ ಬೇಡ, ಅದರ ಕಡ್ಡಿಯಲ್ಲಿ ಪನೀರ್ ಚುಚ್ಚಿ ಸುಡುವುದಂತೂ ಬೇಡವೇ ಬೇಡ. ಪಶ್ಚಿಮ ಘಟ್ಟದಲ್ಲಿ ಹೊಳಗೇರು ಥರದ ಮರಗಳ ಸೊನೆ ತಾಗಿದರೆ ಮೈಯೆಲ್ಲ ಗುಳ್ಳೆ ಏಳುತ್ತದೆ. ಕಡಿದ ಜಾಗದಲ್ಲಿ ಕಪ್ಪು ಸೊನೆ ಒಸರಿ ಒಣಗಿದ್ದರೆ ಆ ತುಂಡು ಮುಟ್ಟಬೇಡಿ.

ಹಳೆ ಪ್ಯಾಕಿಂಗ್ ಪ್ಯಾಲೆಟ್ ಒಡೆದು ತರುವವರೂ ಇದ್ದಾರೆ. ವಿದೇಶದಿಂದ ಬಂದ ಪ್ಯಾಲೆಟ್ ಮೇಲೆ ಒಂದು ಮುದ್ರೆ ಇರುತ್ತದೆ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಶುದ್ಧ ಮಾಡಿದ್ದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲ ಹಾಕಿದ್ದು, ಅದನ್ನು ಸುಡಬೇಡಿ. ಬಣ್ಣ ಬಳಿದ ಕಿಟಕಿ ಚೌಕಟ್ಟು, ಗೆದ್ದಲ ಔಷಧಿ ಹಾಕಿದ ಹಲಗೆ, ಪ್ಲೈವುಡ್ ಇವೂ ಅದೇ ಸಾಲಿಗೆ.

ಒಣಗಿದೆಯಾ ಅಂತ ನೋಡುವುದು

ಡಿಪೋದವರು "ಫುಲ್ ಡ್ರೈ ಸಾರ್" ಅನ್ನುತ್ತಾರೆ. ಅನ್ನಲೇಬೇಕು, ಅದು ಅವರ ಕಸುಬು. ನೀವು ಎರಡು ತುಂಡು ಕೈಗೆ ತಗೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಾದರೆ ದಬ್ ಅಂತ ಮಂಕು ಸದ್ದು. ತುದಿ ನೋಡಿ: ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು. ತೊಗಟೆ ಉಗುರಲ್ಲಿ ಎಬ್ಬಿಸಿದರೆ ಸಡಿಲವಾಗಿ ಬರಬೇಕು. ಅಡಿಯಲ್ಲಿ ಹಸಿರು ಕಂಡರೆ ವಾಪಸ್ ಇಡಿ. ರಾಶಿಯ ಮೇಲಿನ ತುಂಡನ್ನಲ್ಲ, ಒಳಗಿಂದ ಎಳೆದು ನೋಡಿ. ಸಾಧ್ಯವಾದರೆ ಒಂದನ್ನು ಸೀಳಿಸಿ, ಸೀಳಿದ ಒಳಮೈಯನ್ನು ಕೆನ್ನೆಗೆ ಒತ್ತಿಕೊಳ್ಳಿ. ಜನ ನಗುತ್ತಾರೆ, ನಗಲಿ. ಅಂಗೈಗಿಂತ ಕೆನ್ನೆಗೆ ತಂಪು ಬೇಗ ಗೊತ್ತಾಗುತ್ತದೆ.

ಇಷ್ಟು ರಗಳೆ ಯಾಕೆ ಅಂದರೆ ಸೌದೆ ತೂಕಕ್ಕೆ ಮಾರುತ್ತಾರೆ. ನೂರರಲ್ಲಿ 40 ಪಾಲು ನೀರಿರುವ ಕಟ್ಟಿಗೆ 20 ಕೆಜಿ ಕೊಂಡರೆ ಅದರಲ್ಲಿ ಮರ 12 ಕೆಜಿ, ನೀರು 8 ಕೆಜಿ. 20 ಪಾಲು ನೀರಿರುವುದಾದರೆ ಮರ 16, ನೀರು 4. ಅದೇ ದುಡ್ಡು. ಮೊದಲನೆಯದರಲ್ಲಿ ಆ 8 ಲೀಟರ್ ನೀರು ಆವಿಯಾಗಿ ಹೋಗುವ ತನಕ ನೀವು ಹೊಗೆ ಕುಡಿಯುತ್ತಾ ಕೂರಬೇಕು. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ ತೇವ ಶೇ. 20ಕ್ಕಿಂತ ಜಾಸ್ತಿ ಇರಬಾರದು ಅಂತ ಕಾನೂನೇ ಇದೆ. ನಮ್ಮ ಮೊದಲ ಕ್ಯಾಂಪಿನಲ್ಲಿ ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ಕೊಂಡ ನೀಲಗಿರಿ ತುದಿಯಿಂದ ನೊರೆ ಬರುತ್ತಿತ್ತು. ರಾತ್ರಿ ಹತ್ತಕ್ಕೆ ಬ್ರೆಡ್ಡು ಜಾಮು ತಿಂದು ಮಲಗಿದೆವು.

ಹುಳದ ಗುರುತನ್ನೂ ಇದೇ ಹೊತ್ತಿಗೆ ನೋಡಿ. ಸೂಜಿ ಚುಚ್ಚಿದ ಹಾಗೆ ತೂತು, ತಟ್ಟಿದರೆ ಪೌಡರ್ ಥರ ಹಿಟ್ಟು ಉದುರಿದರೆ ಕುಟ್ಟೆ ಹಿಡಿದಿದೆ. ಉರಿಯಲು ತೊಂದರೆ ಇಲ್ಲ. ಆದರೆ ಅದನ್ನು ಕಾರಿನಲ್ಲಿ ದೂರ ಒಯ್ಯಬೇಡಿ, ಮನೆಯೊಳಗೆ ತಂದಿಡಬೇಡಿ. ಮರದ ಮಂಚ, ಬಾಗಿಲು ಇರುವ ಮನೆಯಾದರೆ ಇನ್ನೂ ಬೇಡ.

ಎಷ್ಟು ಬೇಕು

ನನ್ನ ಲೆಕ್ಕ ಹೀಗೆ. ಆರು ಜನ, ಸಂಜೆ ಏಳರಿಂದ ಹತ್ತೂವರೆ ತನಕ ಸುತ್ತ ಕೂರುವ ಸಣ್ಣ ಬೆಂಕಿಗೆ 15ರಿಂದ 20 ಕೆಜಿ. ಅಲ್ಲೇ ಮೂರು ಕಲ್ಲಿಟ್ಟು ಅನ್ನ, ಸಾರು ಮಾಡುವುದಾದರೆ ಇನ್ನೊಂದು 8–10 ಕೆಜಿ. ಚಳಿ ಜಾಸ್ತಿ ಇದ್ದರೆ ಬೆಂಕಿ ದೊಡ್ಡದು ಮಾಡುವ ಬದಲು ಹತ್ತಿರ ಕುಳಿತುಕೊಳ್ಳಿ. ಆಳೆತ್ತರದ ಬೆಂಕಿ ಫೋಟೋಗೆ ಚೆಂದ. ಹತ್ತು ನಿಮಿಷಕ್ಕೆ ಎಲ್ಲರೂ ಹಿಂದೆ ಸರಿದು ಬೆನ್ನಿಗೆ ಚಳಿ ಅಂತಾರೆ.

ಒಂದೇ ಗಾತ್ರದ್ದು ತರಬೇಡಿ. ಬೆರಳು ಗಾತ್ರದ ಪುರಲೆ ಎರಡು ಹಿಡಿ, ಮಣಿಕಟ್ಟು ಗಾತ್ರದ ಸೀಳು ಮೂರನೇ ಒಂದು ಭಾಗ, ಉಳಿದದ್ದು ತೋಳು ಗಾತ್ರ. ತೊಡೆ ಗಾತ್ರದ ಕೊರಡು ಬೇಡ, ಅದು ಮುಗಿಯುವುದು ಮರುದಿನ ಮಧ್ಯಾಹ್ನಕ್ಕೆ. ಹೊತ್ತಿಸಲು ಒಣ ತೆಂಗಿನ ಗರಿ, ಕರ್ಪೂರ ಎರಡು ಬಿಲ್ಲೆ ಸಾಕು. ಪೆಟ್ರೋಲ್, ಡೀಸೆಲ್ ಮುಟ್ಟಬೇಡಿ.

ಸಾಗಿಸುವುದು, ಇಳಿಸುವುದು

ಡಿಪೋದಿಂದ ಕ್ಯಾಂಪಿಗೆ ಅರ್ಧ ಗಂಟೆಯ ದಾರಿ ಇದ್ದರೆ ಸಾಕು, ಅದಕ್ಕಿಂತ ದೂರದ್ದು ನನಗೆ ಬೇಡ. ತುಂಬುವ ಮೊದಲು ತುಂಡುಗಳನ್ನು ನೆಲಕ್ಕೆ ಕುಟ್ಟಿ ಕೊಡವಿ. ಸೌದೆ ರಾಶಿ ಅಂದರೆ ಚೇಳಿಗೆ ಅರಮನೆ. ಮಲೆನಾಡಿನಲ್ಲಿ ಹಾವೂ ಇರಬಹುದು. ಬರಿಗೈ ತೂರಿಸಬೇಡಿ, ದಪ್ಪ ಗ್ಲೌಸ್ ಹಾಕಿ, ಇಲ್ಲವೇ ಕೋಲಿನಿಂದ ಎಳೆದುಕೊಳ್ಳಿ. ಕ್ಯಾಂಪಿನಲ್ಲಿ ಸೌದೆಯನ್ನು ಟೆಂಟಿಗೆ ಆನಿಸಿ ಜೋಡಿಸಬೇಡಿ. ನಾಲ್ಕು ಹೆಜ್ಜೆ ದೂರ, ಎರಡು ಕಲ್ಲಿನ ಮೇಲೆ, ಇಬ್ಬನಿ ಬೀಳದ ಹಾಗೆ ಟಾರ್ಪಾಲು ಮುಚ್ಚಿ ಇಡಿ.

ಉಳಿದದ್ದು

ರಾತ್ರಿ ಮಲಗುವ ಮುಂಚೆ ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಚುಯ್ ಅನ್ನುವ ಸದ್ದು ನಿಲ್ಲಬೇಕು. ಆಮೇಲೆ ಹಿಂಗೈಯನ್ನು ಬೂದಿಯ ಮೇಲೆ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೊಂದು ಬಿಂದಿಗೆ. ಮಣ್ಣು ಮುಚ್ಚಿ ಬಿಡುವುದು ಮೋಸ, ಅಡಿಯಲ್ಲಿ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ.

ಉಳಿದ ಸೌದೆ ವಾಪಸ್ ಡಿಕ್ಕಿಗೆ ಹೋಗಬಾರದು. ದುಡ್ಡು ಕೊಟ್ಟಿದ್ದೀವಿ ಅಂತ ಕೈ ಎಳೆಯುತ್ತದೆ, ಗೊತ್ತು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದನ್ನು ಏನು ಮಾಡುತ್ತೀರಿ? ರೈಟರನ್ನೋ ಅಡುಗೆಯವರನ್ನೋ ಕರೆದು ಕೊಟ್ಟುಬಿಡಿ. ತೋಟದ ಮನೆಗಳಲ್ಲಿ ಬಚ್ಚಲೊಲೆ ಇನ್ನೂ ಉರಿಯುತ್ತದೆ. ಹಿಂದಿನ ರಾತ್ರಿಯೇ ಕೊಟ್ಟಿದ್ದರೆ, ಬೆಳಿಗ್ಗೆ ಏಳುವಷ್ಟರಲ್ಲಿ ನಿಮ್ಮ ಹೆಸರಿಗೂ ಒಂದು ಹಂಡೆ ಬಿಸಿನೀರು ಕಾದಿರುತ್ತದೆ.